ಅಕ್ಕನ ಲ್ಯಾಪ್‌ಟಾಪ್‌ಗೆ ನಾನು ಕಟ್ಟಿದ ಕರ್ನಲ್

ಸೋಮವಾರ ಸಂಜೆ ಆರೂ ಹತ್ತಕ್ಕೆ ಅಕ್ಕನ ಫೋನ್ ಬಂತು. ನಾನು ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಕೂತಿದ್ದೆ. ಆ ಹೊತ್ತಿಗೆ ಅಕ್ಕ ಫೋನ್ ಮಾಡುವವಳೇ ಅಲ್ಲ, ಆರೂವರೆಗೆ ಅವಳ ಆನ್‌ಲೈನ್ ಗಣಿತ ಕ್ಲಾಸ್ ಶುರುವಾಗುತ್ತೆ. ಅಮ್ಮನಿಗೆ ಏನಾದರೂ ಆಯ್ತಾ ಅಂತ ಎದೆ ಧಸಕ್ಕೆಂದು ಎದ್ದು ಹೊರಗೆ ಬಂದೆ.

“ಎಂತ ಮಾಡಿಟ್ಟಿದೀಯ ಮಾರಾಯ ಇದಕ್ಕೆ? ನೆಟ್ಟೇ ಬರ್ತಿಲ್ಲ. ಇನ್ನು 20 ನಿಮಿಷಕ್ಕೆ 11 ಮಕ್ಕಳು ಕಾಯ್ತಾ ಕೂತಿರ್ತಾರೆ.”

ಹಿಂದಿನ ರಾತ್ರಿಯಷ್ಟೇ ಅವಳು ತನ್ನ ಲ್ಯಾಪ್‌ಟಾಪ್‌ಗೆ ಹೊಸ ಲಿನಕ್ಸ್ ಕರ್ನಲ್ ಹಾಕಿಕೊಂಡಿದ್ದಳು. ಒಂದು ವಾರ ನಿದ್ದೆಗೆಟ್ಟು, ಅವಳಿಗೆಂದೇ ನಾನು ಕಟ್ಟಿ, ಪ್ಯಾಕ್ ಮಾಡಿ ಕಳಿಸಿದ್ದ ಕರ್ನಲ್ ಅದು.

ಮೊದಲಿಂದ ಹೇಳ್ತೀನಿ.

ನಮ್ಮೂರು ತೀರ್ಥಹಳ್ಳಿಯಿಂದ ಒಳಗೆ. ಅಪ್ಪ ಹೋದ ಮೇಲೆ ಅಕ್ಕ ಶಿವಮೊಗ್ಗದಲ್ಲಿದ್ದ ಶಾಲೆ ಕೆಲಸ ಬಿಟ್ಟು ಅಮ್ಮನ ಜೊತೆ ಇರಲು ಊರಿಗೆ ಬಂದಳು. ನಾನು ಬೆಂಗಳೂರಿನಲ್ಲೇ ಉಳಿದೆ. ಯಾರು ಬರಬೇಕು, ಯಾರು ಇರಬೇಕು ಅಂತ ನಮ್ಮಿಬ್ಬರ ನಡುವೆ ಮಾತೇ ಆಗಲಿಲ್ಲ. ಅವಳು ಬಂದಳು, ಅಷ್ಟೇ. ಸಂಜೆ ಹೊತ್ತು ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡೋಕೆ ಶುರು ಮಾಡಿದಾಗ, ನಾನು ಬಿಟ್ಟ ಹಳೇ ಲ್ಯಾಪ್‌ಟಾಪನ್ನೇ ಕೊಟ್ಟೆ. ವಿಂಡೋಸ್ ಏಳಲಾರದೆ ಏಳುತ್ತಿತ್ತು. ಅದನ್ನು ತೆಗೆದು ಡೆಬಿಯನ್ ಲಿನಕ್ಸ್ ಹಾಕಿದೆ. ಲ್ಯಾಪ್‌ಟಾಪ್‌ಗೆ ಮತ್ತೆ ಜೀವ ಬಂತು.

ಒಂದೇ ಒಂದು ತೊಂದರೆ. ಹೆಡ್‌ಸೆಟ್ ಚುಚ್ಚಿದರೆ ಕಿವಿಗೆ ಕೇಳುತ್ತಿತ್ತು, ಆದರೆ ಅದರ ಮೈಕ್ ಕೆಲಸ ಮಾಡುತ್ತಿರಲಿಲ್ಲ. ಲ್ಯಾಪ್‌ಟಾಪ್‌ನ ಒಳಗಿನ ಮೈಕ್ ಇತ್ತು ನಿಜ. ಆದರೆ ಮಳೆಗಾಲದಲ್ಲಿ ನಮ್ಮ ಮನೆ ಜಗಲಿಯ ತಗಡಿನ ಶೀಟಿನ ಮೇಲೆ ಮಳೆ ಹೊಡೆಯೋ ಸದ್ದು ನಿಮಗೆ ಗೊತ್ತಿಲ್ಲ. ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ. ಒಬ್ಬ ಹುಡುಗನ ತಾಯಿ ಫೋನ್ ಮಾಡಿ, “ಮೇಡಂ, ನೀವು ಹೇಳೋದಕ್ಕಿಂತ ಮಳೆನೇ ಜಾಸ್ತಿ ಕೇಳುತ್ತೆ” ಅಂದರಂತೆ. ಆ ತಿಂಗಳು ಇಬ್ಬರು ಮಕ್ಕಳು ಬಿಟ್ಟರು. ಇಬ್ಬರು ಅಂದರೆ ನನಗೆ ಸಣ್ಣ ಸಂಖ್ಯೆ, ಅಕ್ಕನಿಗೆ ಅದು ಅಮ್ಮನ ತಿಂಗಳ ಔಷಧಿ ಖರ್ಚು.

“ಹೊಸದೊಂದು ತೆಗೆದುಕೊಡ್ತೀನಿ” ಅಂದೆ. “ಎಂತದೂ ಬೇಡ” ಅಂದಳು. ಅಕ್ಕನ ‘ಬೇಡ’ಕ್ಕೆ ಎದುರು ಮಾತಿಲ್ಲ.

“ಯುಎಸ್‌ಬಿ ಹೆಡ್‌ಸೆಟ್ ತಗೋ ಹಾಗಾದ್ರೆ, 700-800 ರೂಪಾಯಿಗೆ ಸಿಗುತ್ತೆ.”

“ಎಲ್ಲಿ ಚುಚ್ಚಲಿ? ಇರೋ ಎರಡೂ ಭರ್ತಿ. ಹಬ್ ತಂದು ನೋಡಿದೆ, ನಡುನಡುವೆ ಕೈಕೊಡ್ತದೆ.”

ಎರಡೂ ಭರ್ತಿ ಅಂದಳು. ನಾನು ಕೇಳಿಸಿಕೊಂಡೆ. ಯಾವುದರಿಂದ ಭರ್ತಿ ಅಂತ ಮಾತ್ರ ಕೇಳಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಕರ್ನಲ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕಂಪ್ಯೂಟರಿನ ಯಂತ್ರಭಾಗಕ್ಕೂ ನಾವು ಬಳಸೋ ಆ್ಯಪ್‌ಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಂ ಅದು. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ, ತನ್ನ 21ನೇ ವಯಸ್ಸಿನಲ್ಲಿ, ಹವ್ಯಾಸಕ್ಕೆಂದು ಶುರು ಮಾಡಿದ್ದು ಈ ಲಿನಕ್ಸ್ ಕರ್ನಲ್. ನೀವು ಇದನ್ನು ಓದುತ್ತಿರುವ ಫೋನ್ ಆಂಡ್ರಾಯ್ಡ್ ಆಗಿದ್ದರೆ ಅದರ ಹೊಟ್ಟೆಯಲ್ಲೂ ಅದೇ ಇದೆ. ಇವತ್ತು ಅದರ ಮೂಲ ಕೋಡ್ 3 ಕೋಟಿಗೂ ಹೆಚ್ಚು ಸಾಲು. ಅದರಲ್ಲಿ ಬಹುಪಾಲು ಬೇರೆ ಬೇರೆ ಸಾಧನಗಳನ್ನು ಓಡಿಸುವ ಡ್ರೈವರ್‌ಗಳೇ. ಇಷ್ಟನ್ನೂ ಒಟ್ಟಿಗೆ ನೆನಪಿಗೆ ತುಂಬಿಕೊಂಡರೆ ಸುಮ್ಮನೆ ಜಾಗ ವ್ಯರ್ಥ. ಹಾಗಾಗಿ ಡ್ರೈವರ್‌ಗಳನ್ನು ಬಿಡಿಬಿಡಿಯಾಗಿ ‘ಮಾಡ್ಯೂಲ್’ ಅಂತ ಡಿಸ್ಕ್‌ನಲ್ಲಿ ಇಟ್ಟಿರುತ್ತಾರೆ. ಸಾಧನ ಚುಚ್ಚಿದಾಗ ಅದಕ್ಕೆ ಸಂಬಂಧಪಟ್ಟ ಮಾಡ್ಯೂಲ್ ತಾನಾಗೇ ಬಂದು ಕೂರುತ್ತೆ.

ಅಕ್ಕನ ಮೈಕ್‌ನ ಸಮಸ್ಯೆ ಇದ್ದದ್ದು ಸೌಂಡ್ ಡ್ರೈವರ್‌ನಲ್ಲಿ. ಒಂದೇ ಸೌಂಡ್ ಚಿಪ್ಪನ್ನು ಒಂದೊಂದು ಲ್ಯಾಪ್‌ಟಾಪ್ ಮಾಡೆಲ್‌ನಲ್ಲಿ ಒಂದೊಂದು ರೀತಿ ತಂತಿ ಜೋಡಿಸಿರುತ್ತಾರೆ. ಯಾವ ಮಾಡೆಲ್‌ನಲ್ಲಿ ಮೈಕ್ ಯಾವ ಪಿನ್ನಿಗೆ ಬರುತ್ತೆ ಅಂತ ಡ್ರೈವರ್‌ಗೆ ಹೇಳಿಕೊಡೋಕೆ ಆ ಕೋಡಿನೊಳಗೆ ನೂರಾರು ಸಾಲಿನ ಒಂದು ಪಟ್ಟಿ ಇದೆ. ಎಡಕ್ಕೆ ಮಾಡೆಲ್‌ನ ಗುರುತಿನ ಸಂಖ್ಯೆ, ಬಲಕ್ಕೆ ಅದಕ್ಕೆ ಮಾಡಬೇಕಾದ ತಿದ್ದುಪಡಿ. ಅಕ್ಕನ ಲ್ಯಾಪ್‌ಟಾಪ್‌ನ ಸಂಖ್ಯೆ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಅದೇ ಕಂಪನಿಯ ಇನ್ನೊಂದು ಮಾಡೆಲ್‌ನದು ಇತ್ತು. ಬರೀ ಸೆಟ್ಟಿಂಗ್ ಬದಲಿಸಿ ಸರಿಮಾಡಲು ಮೊದಲು ನೋಡಿದೆ, ಆಗಲಿಲ್ಲ. ಒಂದು ಸಾಲು ಸೇರಿಸಿ ಕರ್ನಲ್ಲನ್ನೇ ಮತ್ತೆ ಕಟ್ಟೋಣ ಅಂತ ತೀರ್ಮಾನಿಸಿದೆ. ಹೀಗೆ ಮೂಲ ಕೋಡಿಗೆ ಹಾಕೋ ಸಣ್ಣ ತಿದ್ದುಪಡಿಗೇ ‘ಪ್ಯಾಚ್’ ಅನ್ನೋದು.

ಆ ಒಂದೇ ಮಾಡ್ಯೂಲ್ ಕಟ್ಟಿದ್ದರೆ ಸಾಕಿತ್ತಲ್ಲ ಅಂತ ಬಲ್ಲವರು ಹೇಳಬಹುದು. ಸಾಕಿತ್ತು. ಆದರೆ ಅಕ್ಕನಿಗೇ ಅಂತ ಅಳತೆ ತೆಗೆದು ಹೊಲಿದ ಹಾಗೆ ಪೂರ್ತಿ ಒಂದು ಕರ್ನಲ್ ಮಾಡಿಕೊಡಬೇಕು ಅನ್ನೋ ಹುಮ್ಮಸ್ಸು ನನಗಿತ್ತು. ಅದರಲ್ಲಿ ಪ್ರೀತಿ ಎಷ್ಟಿತ್ತು, ಜಂಬ ಎಷ್ಟಿತ್ತು ಅಂತ ಈಗ ಬಿಡಿಸಿ ಹೇಳೋದು ಕಷ್ಟ.

ಗೌರಿ ಹಬ್ಬಕ್ಕೆ ಎರಡು ದಿನ ಊರಿಗೆ ಹೋದಾಗ ಅಳತೆ ತೆಗೆದುಕೊಂಡೆ. ಡೆಬಿಯನ್ ತನ್ನ ಕರ್ನಲ್ ಕಟ್ಟಲು ಬಳಸಿದ ಕಾನ್ಫಿಗ್ ಫೈಲ್ ಅಕ್ಕನ ಲ್ಯಾಪ್‌ಟಾಪ್‌ನಲ್ಲೇ ಇತ್ತು. ‘ಎಲ್‌ಎಸ್‌ಮಾಡ್’ ಅನ್ನೋ ಕಮಾಂಡ್ ಕೊಟ್ಟರೆ ಆ ಕ್ಷಣದಲ್ಲಿ ಯಾವ್ಯಾವ ಮಾಡ್ಯೂಲ್ ಓಡುತ್ತಿವೆ ಅಂತ ಪಟ್ಟಿ ಬರುತ್ತೆ. ಸುಮಾರು 130 ಹೆಸರು ಬಂದವು. ಆ ಪಟ್ಟಿಯನ್ನು ಒಂದು ಫೈಲಿಗೆ ಇಳಿಸಿ, ಆಮೇಲೆ ಪೆನ್‌ಡ್ರೈವ್ ಚುಚ್ಚಿ, ಎರಡನ್ನೂ ಕಾಪಿ ಮಾಡಿ ಜೇಬಿಗೆ ಹಾಕಿಕೊಂಡೆ. ಅಕ್ಕ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಹಬ್ಬ ಅಂತ ಕ್ಲಾಸಿಗೆ ರಜೆ. ಲ್ಯಾಪ್‌ಟಾಪ್ ಒಳಕೋಣೆಯ ಮೇಜಿನ ಮೇಲೆ ಒಂದೇ ಕೂತಿತ್ತು.

ಬೆಂಗಳೂರಿಗೆ ಬಂದವನೇ ಡೆಬಿಯನ್ 12ರ 6.1 ಕರ್ನಲ್‌ನ ಮೂಲ ಕೋಡ್ ಇಳಿಸಿಕೊಂಡೆ. ಒಂದು ಸಾಲಿನ ಪ್ಯಾಚ್ ಹಾಕಿದೆ. ಮೊದಲ ದಿನ ಕಟ್ಟೋಕೆ ಬೇಕಾದ ಸಲಕರಣೆಗಳಲ್ಲೇ ಹೋಯಿತು. ಫ್ಲೆಕ್ಸ್ ಇಲ್ಲ ಅಂತ ಒಮ್ಮೆ ನಿಂತಿತು, ಬೈಸನ್ ಇಲ್ಲ ಅಂತ ಒಮ್ಮೆ ನಿಂತಿತು, ಎಲ್ಲ ಆಯ್ತು ಅನ್ನುವಾಗ ಯಾವುದೋ ಲೈಬ್ರರಿ ಇಲ್ಲ ಅಂತ ಇನ್ನೊಮ್ಮೆ.

ಡೆಬಿಯನ್‌ನ ಕಾನ್ಫಿಗ್‌ನಲ್ಲಿ ಲೋಕದ ಎಲ್ಲ ಬಗೆಯ ಕಂಪ್ಯೂಟರಿಗೂ ಆಗುವಂತೆ ಸಾವಿರಾರು ಮಾಡ್ಯೂಲ್ ಇರುತ್ತವೆ. ಅಷ್ಟನ್ನೂ ಕಟ್ಟೋಕೆ ನನ್ನ ಮೆಷಿನ್ ಒಂದೂವರೆ ಗಂಟೆ ತಗೊಂಡಿತು. ಅದಕ್ಕೊಂದು ಸುಲಭದ ದಾರಿ ಇದೆ, ‘ಲೋಕಲ್‌ಮಾಡ್‌ಕಾನ್ಫಿಗ್’ ಅಂತ. ಎಲ್‌ಎಸ್‌ಮಾಡ್ ಪಟ್ಟಿ ಕೊಟ್ಟರೆ ಸಾಕು, ಆ ಪಟ್ಟಿಯಲ್ಲಿ ಇಲ್ಲದ ಮಾಡ್ಯೂಲ್‌ಗಳನ್ನೆಲ್ಲ ಅದು ಕೈಬಿಡುತ್ತೆ. ಬೇರೆ ಕಂಪ್ಯೂಟರಿನಿಂದ ತಂದ ಪಟ್ಟಿಯಾದರೂ ಆಗುತ್ತೆ. ಅಕ್ಕನ ಪಟ್ಟಿ ಕೊಟ್ಟೆ. ಒಂದೂವರೆ ಗಂಟೆಯ ಕೆಲಸ 14 ನಿಮಿಷಕ್ಕೆ ಮುಗಿಯಿತು. ಕುರ್ಚಿಯಲ್ಲಿ ಹಿಂದಕ್ಕೊರಗಿ ನಾನೇ ನನಗೆ ಶಹಬ್ಬಾಸ್ ಅಂದುಕೊಂಡೆ.

ಇನ್ನು ಪ್ಯಾಕ್ ಮಾಡೋದು. ನಮ್ಮದೇ ಮೆಷಿನ್ ಆದರೆ ಕಟ್ಟಿದ್ದನ್ನು ನೇರವಾಗಿ ಜಾಗಕ್ಕೆ ಹಾಕಿಬಿಡಬಹುದು. 350 ಕಿಲೋಮೀಟರ್ ದೂರದಲ್ಲಿರೋ, ಕಂಪ್ಯೂಟರ್ ಓದದ ಅಕ್ಕನಿಗೆ ಹಾಗೆ ಆಗಲ್ಲ. ಅಮ್ಮ ಮಿಡಿ ಉಪ್ಪಿನಕಾಯಿಯನ್ನು ಬಸ್ಸಿಗೆ ಹಾಕುವಾಗ ಜಾಡಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ರಟ್ಟಿನ ಡಬ್ಬಕ್ಕೆ ಇಟ್ಟು, ಮೇಲೆ ಹೆಸರು ಬರೆದು ಕಳಿಸ್ತಾಳಲ್ಲ, ಹಾಗೇ ಇದು. ‘ಬಿನ್‌ಡೆಬ್’ ಅಂತ ಇರೋ ಕಮಾಂಡ್ ಕೊಟ್ಟರೆ ಕರ್ನಲ್ಲೂ ಅದರ ಮಾಡ್ಯೂಲ್‌ಗಳೂ ಒಂದೇ ಡೆಬ್ ಪ್ಯಾಕೇಜ್ ಆಗಿ ಬರುತ್ತವೆ. ಯಾವ ಫೈಲ್ ಎಲ್ಲಿಗೆ ಹೋಯಿತು ಅಂತ ಸಿಸ್ಟಂ ಲೆಕ್ಕ ಇಟ್ಟುಕೊಳ್ಳುತ್ತೆ. ಬೇಡವಾದರೆ ಅಚ್ಚುಕಟ್ಟಾಗಿ ತೆಗೆಯಬಹುದು. ಡೀಬಗ್ ಮಾಹಿತಿ ಸೇರಿದರೆ ಗಾತ್ರ ವಿಪರೀತ ಆಗುತ್ತೆ, ಅಕ್ಕನ ಡೇಟಾ ಹಾಳು ಅಂತ ಅದನ್ನು ತೆಗೆಸಿದೆ.

ಹೆಸರೂ ಬೇರೆ ಇಡಬೇಕು. ಮಾಡ್ಯೂಲ್‌ಗಳ ಫೋಲ್ಡರ್ ಕರ್ನಲ್‌ನ ಹೆಸರಿನಲ್ಲೇ ಇರುತ್ತೆ. ಹೆಸರು ಒಂದೇ ಆದರೆ ಹೊಸದು ಹಳೆಯದರ ಮೇಲೆ ಕೂತು ಎರಡೂ ಕೆಡುತ್ತವೆ. ಹಾಗಾಗಿ ವರ್ಷನ್ ಸಂಖ್ಯೆಯ ಕೊನೆಗೆ ‘ಅಕ್ಕ1’ ಅಂತ ಸೇರಿಸಿದೆ, ಇಂಗ್ಲಿಷ್ ಅಕ್ಷರದಲ್ಲಿ. ಆ ಲ್ಯಾಪ್‌ಟಾಪ್‌ನ ಸೆಕ್ಯೂರ್ ಬೂಟ್ ಮೊದಲೇ ಆಫ್ ಮಾಡಿಟ್ಟಿದ್ದೆ. ಇಲ್ಲದಿದ್ದರೆ ಸಹಿ ಇಲ್ಲದ ಕರ್ನಲ್ಲನ್ನು ಅದು ಒಳಗೇ ಬಿಡಲ್ಲ.

ಭಾನುವಾರ ರಾತ್ರಿ ಅಕ್ಕ ಫೈಲ್ ಇಳಿಸಿಕೊಂಡಳು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಕಮಾಂಡನ್ನು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿದಳು. ರೀಸ್ಟಾರ್ಟ್ ಮಾಡಿ, ಹೆಡ್‌ಸೆಟ್ ಹಾಕಿ ಮಾತಾಡಿದ್ದನ್ನು ರೆಕಾರ್ಡ್ ಮಾಡಿ, ಕೇಳಿ, ನನಗೆ ಫೋನ್ ಮಾಡಿದಳು. “ಬಂತು! ಹೊರಗೆ ಧೋ ಅಂತ ಮಳೆ, ಇದರಲ್ಲಿ ನನ್ನ ದನಿ ಮಾತ್ರ!” ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮಾರನೇ ದಿನ ಸಂಜೆ ಆರೂ ಹತ್ತಕ್ಕೆ ಆ ಫೋನ್.

“ನೆಟ್ ಬರ್ತಿಲ್ಲ ಅಂದ್ರೆ? ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದ್ಯಾ?”

“ಎಂತ ಹಾಟ್‌ಸ್ಪಾಟ್? ಲ್ಯಾಪ್‌ಟಾಪಿನ ವೈಫೈ ಹೋಗಿ ನಾಲ್ಕು ತಿಂಗಳಾಯ್ತಲ್ಲ. ಹೇಳಿದ್ದೆ ನಿಂಗೆ. ‘ಹೂಂ, ನೋಡೋಣ’ ಅಂದಿದ್ದೆ. ನಾನು ಕೇಬಲ್ ಹಾಕಿ ಫೋನಿಂದ ನೆಟ್ ತಗೊಳ್ಳೋದು.”

ಒಂದು ಕ್ಷಣ ಬಾಯಿಗೆ ಮಾತು ಬರಲಿಲ್ಲ.

ಆಂಡ್ರಾಯ್ಡ್ ಫೋನಿನಿಂದ ಕೇಬಲ್ ಮೂಲಕ ನೆಟ್ ತೆಗೆದುಕೊಳ್ಳೋಕೆ ಕರ್ನಲ್‌ನಲ್ಲಿ ಬೇರೆಯೇ ಮಾಡ್ಯೂಲ್ ಬೇಕು. ಅಕ್ಕನ ಫೋನಿಗೆ ಬೇಕಿದ್ದದ್ದು ಆರ್‌ಎನ್‌ಡಿಐಎಸ್ ಹೋಸ್ಟ್ ಅನ್ನೋದು. ಹಬ್ಬದ ದಿನ ನಾನು ಪಟ್ಟಿ ತೆಗೆದಾಗ ಫೋನ್ ಚುಚ್ಚಿರಲಿಲ್ಲ. ಚುಚ್ಚಿಲ್ಲದ್ದು ಪಟ್ಟಿಯಲ್ಲಿ ಇಲ್ಲ, ಪಟ್ಟಿಯಲ್ಲಿ ಇಲ್ಲದ್ದು ಕರ್ನಲ್‌ನಲ್ಲಿ ಇಲ್ಲ.

“ಆ ಬರೆಯೋ ಪ್ಯಾಡೂ ಸುಮ್ಮನೆ ಕೂತಿದೆ” ಅಂದಳು.

ಅಕ್ಕ ಪರದೆಯ ಮೇಲೆ ಲೆಕ್ಕ ಬರೆದು ತೋರಿಸೋಕೆ ಪೆನ್ ಟ್ಯಾಬ್ಲೆಟ್ ಬಳಸುತ್ತಾಳೆ ಅನ್ನೋದು ನನಗೆ ಗೊತ್ತಾಗಿದ್ದೇ ಆಗ. ಯುಎಸ್‌ಬಿ ಕೀಬೋರ್ಡ್, ಮೌಸ್, ಪ್ಯಾಡ್‌ಗಳನ್ನು ನೋಡಿಕೊಳ್ಳೋ ಮಾಡ್ಯೂಲ್ ಕೂಡ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಒಂದು ಕಿಂಡಿಗೆ ಫೋನು, ಇನ್ನೊಂದಕ್ಕೆ ಪ್ಯಾಡು. ಎರಡೂ ಭರ್ತಿ ಅಂದರೆ ಇದು.

ಆರೂ ಹದಿನೈದು. ಹೊಸದಾಗಿ ಕಟ್ಟಿ ಕಳಿಸೋಣ ಅಂದರೆ ಅದನ್ನು ಇಳಿಸಿಕೊಳ್ಳೋಕೆ ನೆಟ್ ಇಲ್ಲ. ಆದರೆ ಪ್ಯಾಕೇಜ್ ಮಾಡಿದ್ದಕ್ಕೆ ಒಂದು ಪುಣ್ಯ ಇತ್ತು. ಬೇರೆ ಹೆಸರಿನಲ್ಲಿ ಹಾಕಿದ್ದರಿಂದ ಡೆಬಿಯನ್‌ನ ಹಳೇ ಕರ್ನಲ್ ಹಾಗೇ ಇತ್ತು.

“ಅಕ್ಕ, ರೀಸ್ಟಾರ್ಟ್ ಮಾಡು. ಶುರುವಿಗೇ ಒಂದು ಪಟ್ಟಿ ಬರುತ್ತೆ, ಐದೇ ಸೆಕೆಂಡ್ ಇರುತ್ತೆ. ಕೆಳಗಿನ ಬಾಣದ ಗುರುತು ಒತ್ತಿಬಿಡು.”

“ಹೋಯ್ತು. ಮುಂದೆ ಹೋಗೇಬಿಡ್ತು.”

“ಪರವಾಗಿಲ್ಲ, ಮತ್ತೆ ಮಾಡು.”

“ಹಾಂ, ನಿಂತ್ತು. ಅಡ್ವಾನ್ಸ್‌ಡ್ ಆಪ್ಷನ್ಸ್ ಅಂತಿದೆ.”

“ಅದರೊಳಗೆ ಹೋಗು. ‘ಅಕ್ಕ’ ಅಂತ ಇಲ್ಲದ್ದನ್ನು ಆರಿಸು.”

“ನಂದೇ ಹೆಸರು ಇಟ್ಟಿದ್ದೀಯನಾ ಇದಕ್ಕೆ?” ಅಂದಳು. ಆ ಗಡಿಬಿಡಿಯಲ್ಲೂ ಸಣ್ಣಗೆ ನಕ್ಕಳು.

ಆರೂ ಇಪ್ಪತ್ತೇಳಕ್ಕೆ ನೆಟ್ ಬಂತು. ಅವತ್ತಿನ ಕ್ಲಾಸು ಹಳೇ ಕರ್ನಲ್‌ನಲ್ಲೇ, ಮಳೆಯ ಸದ್ದಿನ ಜೊತೆಗೇ ನಡೆಯಿತು. ನಾನು ಮೀಟಿಂಗಿಗೆ ವಾಪಸು ಹೋಗಿ ಕೂತೆ. ಅಲ್ಲಿ ಏನು ಮಾತಾಡಿದರು ಅಂತ ಒಂದೂ ತಲೆಗೆ ಹೋಗಲಿಲ್ಲ.

ತಪ್ಪು ಆ ಕಮಾಂಡಿನದಲ್ಲ. ಆ ಕ್ಷಣದಲ್ಲಿ ಓಡುತ್ತಿರೋದನ್ನಷ್ಟೇ ಹೇಳೋದು ಅದರ ಕೆಲಸ, ಅದು ಹೇಳಿದೆ. ಹಬ್ಬದ ಎರಡು ದಿನ ನೋಡಿ, ಮನೆ ಪೂರ್ತಿ ಗೊತ್ತು ಅಂದುಕೊಂಡವನು ನಾನು. ನಾನು ಹೋದಾಗ ಕ್ಲಾಸಿಗೆ ರಜೆ ಇರುತ್ತೆ, ಮೇಜು ಖಾಲಿ ಇರುತ್ತೆ, ಹೋಳಿಗೆ ಬೇಯುತ್ತಿರುತ್ತೆ. ಉಳಿದ ದಿನಗಳಲ್ಲಿ ಅಲ್ಲಿ ಏನೇನು ನಡೆಯುತ್ತೆ ಅನ್ನೋದು ನನ್ನ ಯಾವ ಪಟ್ಟಿಯಲ್ಲೂ ಇಲ್ಲ. ಪಟ್ಟಿಯನ್ನು ಒಯ್ಯೋಕೆ ನಾನೇ ಚುಚ್ಚಿದ ಪೆನ್‌ಡ್ರೈವ್ ಕೂಡ ಅದರಲ್ಲಿ ಇರಲಿಲ್ಲ, ಪಟ್ಟಿ ತೆಗೆದ ಮೇಲೆ ಚುಚ್ಚಿದ್ದಲ್ಲವಾ.

ಮುಂದಿನ ಭಾನುವಾರ ಅಕ್ಕನಿಗೆ ಫೋನ್ ಮಾಡಿ ಪೆನ್ನು, ಪೇಪರ್ ಹಿಡಿದು ಕೂತೆ. “ಬೆಳಿಗ್ಗೆಯಿಂದ ರಾತ್ರಿವರೆಗೆ ಆ ಲ್ಯಾಪ್‌ಟಾಪ್‌ಗೆ ಏನೇನು ಚುಚ್ತೀರಿ, ಎಲ್ಲ ಹೇಳು.”

ಫೋನು. ಪ್ಯಾಡು. ಪೆನ್‌ಡ್ರೈವ್. ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಸೋಕೆ ಪೇಟೆಯ ಜೆರಾಕ್ಸ್ ಅಂಗಡಿಗೆ ಒಯ್ಯಬೇಕಲ್ಲ, ಅದಕ್ಕೆ. ಆಮೇಲೆ ಸ್ವಲ್ಪ ಸುಮ್ಮನಿದ್ದು ಅಂದಳು, “ಅಪ್ಪನ ಕ್ಯಾಮೆರಾದ ಕಾರ್ಡ್.”

“ಅದ್ಯಾಕೆ?”

“ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಅಮ್ಮ ಹಾಕಿಸ್ಕೊಂಡು ಫೋಟೊ ನೋಡ್ತಾಳೆ. ಗೊತ್ತಿಲ್ವನಾ ನಿಂಗೆ?”

ಗೊತ್ತಿರಲಿಲ್ಲ. “ಎಲ್ಲ ಕಾಪಿ ಮಾಡಿ ಲ್ಯಾಪ್‌ಟಾಪ್‌ನಲ್ಲೇ ಇಡು, ಕಾರ್ಡ್ ಹಾಳಾದೀತು” ಅಂದೆ. “ಕಾಪಿ ಇದೆ. ಆದ್ರೆ ಅಮ್ಮಂಗೆ ಕಾರ್ಡೇ ಹಾಕ್ಬೇಕು. ಅಪ್ಪ ಹಾಗೇ ತೋರಿಸ್ತಿದ್ದರಂತಲ್ಲ” ಅಂದಳು.

ಲ್ಯಾಪ್‌ಟಾಪ್‌ನ ಕಾರ್ಡ್ ಕಿಂಡಿಗೆ ಕಾರ್ಡ್ ಹಾಕಿದಾಗ ಮಾತ್ರ ಎದ್ದು ಬರೋ ಒಂದು ಮಾಡ್ಯೂಲ್ ಇದೆ, ಎಂಎಂಸಿ ಬ್ಲಾಕ್ ಅಂತ. ಅದೂ ನನ್ನ ಮೊದಲ ಕರ್ನಲ್‌ನಲ್ಲಿ ಇರಲಿಲ್ಲ. ಆ ಕರ್ನಲ್ಲೇ ಉಳಿದಿದ್ದರೆ ಮುಂದಿನ ಭಾನುವಾರ ಅಮ್ಮ ಕಾರ್ಡ್ ಹಾಕಿಸಿಕೊಂಡು, ಏನೂ ಬಾರದೆ, ಕಾರ್ಡೇ ಕೆಟ್ಟಿತು ಅಂದುಕೊಳ್ಳುತ್ತಿದ್ದಳು. ಯಾರಿಗೂ ಹೇಳದೆ ಸುಮ್ಮನಾಗಿಬಿಡುತ್ತಿದ್ದಳು. ಅಮ್ಮ ಅಂಥವಳೇ.

ಅವತ್ತು ಅಕ್ಕನ ಕೈಲಿ ಹಳೇ ಕರ್ನಲ್‌ನಲ್ಲಿ ಎಲ್ಲವನ್ನೂ ಒಂದೊಂದಾಗಿ ಚುಚ್ಚಿಸಿದೆ. ಫೋನ್, ಪ್ಯಾಡ್, ಪೆನ್‌ಡ್ರೈವ್, ಅಪ್ಪನ ಕಾರ್ಡ್. ಒಂದು ತೆಗೆದು ಇನ್ನೊಂದು ಹಾಕಿದರೂ ಮಾಡ್ಯೂಲ್ ಹೋಗಲ್ಲ, ಉಳಿದಿರುತ್ತೆ. ಕೊನೆಗೆ ಎಲ್‌ಎಸ್‌ಮಾಡ್ ಕೊಡಿಸಿದೆ. ಈ ಸಲದ ಪಟ್ಟಿ ಉದ್ದವಿತ್ತು. ಅದಲ್ಲದೆ ಮುಂದೆ ಬೇಕಾಗಬಹುದು ಅಂತ ವೈಫೈ ಡಾಂಗಲ್, ಪ್ರಿಂಟರ್, ಯುಎಸ್‌ಬಿ ಹೆಡ್‌ಸೆಟ್‌ಗಳ ಮಾಡ್ಯೂಲ್‌ಗಳನ್ನೂ ಕೈಯಾರೆ ಸೇರಿಸಿದೆ. 14 ನಿಮಿಷದ ಕೆಲಸ 25 ನಿಮಿಷ ಆಯಿತು. ಆಗಲಿ. ‘ಅಕ್ಕ2’ ಕಟ್ಟಿ ಕಳಿಸಿದೆ. ಅದರ ಜೊತೆಗೆ ಕನ್ನಡದಲ್ಲಿ ಒಂದು ಪುಟ: ಕೆಟ್ಟರೆ ರೀಸ್ಟಾರ್ಟ್ ಮಾಡಿ ಯಾವ ಸಾಲು ಆರಿಸಬೇಕು ಅಂತ. ಹಾಕಿದ ದಿನವೇ, ಕ್ಲಾಸಿಗೆ ಮೊದಲು, ಎಲ್ಲವನ್ನೂ ಚುಚ್ಚಿ ನೋಡು ಅಂತಲೂ ಬರೆದೆ. ಅಕ್ಕ ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದಾಳೆ.

ಇದೆಲ್ಲ ಮುಗೀತು ಅಂದುಕೊಂಡಿದ್ದೆ. ಮುಗಿಯಲ್ಲ. ಡೆಬಿಯನ್ ತನ್ನ ಕರ್ನಲ್‌ನ ಭದ್ರತಾ ತೂತುಗಳನ್ನು ಆಗಾಗ ಮುಚ್ಚುತ್ತಾ ಅಪ್‌ಡೇಟ್ ಕೊಡುತ್ತೆ. ಆದರೆ ‘ಅಕ್ಕ2’ಕ್ಕೆ ಆ ಅಪ್‌ಡೇಟ್ ತಾನಾಗಿ ಬರಲ್ಲ. ಕಟ್ಟಿದವನು ನಾನು, ನಾನೇ ಹೊಸ ಕೋಡ್ ತಂದು, ಪ್ಯಾಚ್ ಹಾಕಿ, ಮತ್ತೆ ಕಟ್ಟಿ, ಮತ್ತೆ ಕಳಿಸಬೇಕು. ಒಬ್ಬರಿಗೆಂದು ಏನಾದರೂ ಮಾಡಿಕೊಟ್ಟರೆ ಅದನ್ನು ನೋಡಿಕೊಳ್ಳೋ ಕೆಲಸವೂ ನಮ್ಮದೇ ಅಂತ ಗೊತ್ತಾಗಲು ನನಗೆ ಇಷ್ಟು ಕಾಲ ಬೇಕಾಯಿತು. ಆ ಒಂದು ಸಾಲನ್ನು ಮೂಲ ಕರ್ನಲ್ ನೋಡಿಕೊಳ್ಳುವವರಿಗೂ ಕಳಿಸಿದ್ದೇನೆ. ಅವರು ಸೇರಿಸಿಕೊಂಡರೆ ಒಂದು ದಿನ ಎಲ್ಲರ ಕರ್ನಲ್‌ನಲ್ಲೂ ಅದು ಬರುತ್ತೆ, ಅಕ್ಕನಿಗೆ ನನ್ನದು ಬೇಕಾಗಲ್ಲ. ಅಲ್ಲಿವರೆಗೆ ನಾನೇ.

ಈಗ ‘ಅಕ್ಕ5’ ನಡೆಯುತ್ತಿದೆ. ಪ್ರತಿ ಸಲ ಕಟ್ಟುವ ಮೊದಲು ಫೋನ್ ಮಾಡಿ ಕೇಳ್ತೀನಿ, “ಹೊಸದೇನಾದ್ರೂ ಚುಚ್ತಿದ್ದೀಯಾ?” ಆ ಪ್ರಶ್ನೆಯಿಂದ ಶುರುವಾದ ಮಾತು ಮುಕ್ಕಾಲು ಗಂಟೆ ಹೋಗುತ್ತೆ. ಬಿಟ್ಟುಹೋದ ಇಬ್ಬರಲ್ಲಿ ಒಬ್ಬ ಹುಡುಗ ವಾಪಸು ಬಂದಿದ್ದು, ಅಮ್ಮನ ಮಂಡಿ ನೋವು, ತೋಟಕ್ಕೆ ಮಂಗ ಬಂದಿದ್ದು, ಎಲ್ಲ ಬರುತ್ತೆ. ಕಳೆದ ಸಲ ಹಾಗೇ ಕೇಳಿದಾಗ ಅಕ್ಕ, “ದೂರದಿಂದ ಎಷ್ಟು ಅಂತ ಕೇಳ್ತೀಯ? ಹಬ್ಬ ಅಲ್ಲದ ದಿನ ಒಂದ್ಸಲ ಬಂದು ನೋಡು ಮಾರಾಯ” ಅಂದಳು.

ಮುಂದಿನ ತಿಂಗಳು, ಯಾವ ಹಬ್ಬವೂ ಇಲ್ಲದ ಒಂದು ವಾರ ರಜೆ ಹಾಕಿದ್ದೇನೆ. ಮಂಗಳವಾರ ರಾತ್ರಿಯ ತೀರ್ಥಹಳ್ಳಿ ಬಸ್ಸಿಗೆ ಸೀಟಾಗಿದೆ. ನಡುವೆ ಒಂದು ಭಾನುವಾರವೂ ಬರುತ್ತೆ.